ನೆತ್ತರು ಕಂಡ ಮೂಳೆ

ಆ ಬೋರ್ಡಿನ ಮೇಲಿದ್ದ ಮುದುಕ ನಾನೇ.

ಬಾಳ್ಳುಪೇಟೆಯಿಂದ ನಮ್ಮ ಎಸ್ಟೇಟಿಗೆ ಹತ್ತುವ ರಸ್ತೆ ಮುಗಿಯುವಲ್ಲಿ ಹಳೇ ಡಿಸ್ಪೆನ್ಸರಿ ಇದೆ. ಅದರ ಬಾಗಿಲ ಮೇಲೆ ಆ ಬೋರ್ಡು ನೇತಾಡುತ್ತಿತ್ತು. ಆರು ಅಡಿ ಉದ್ದ, ಎರಡು ಅಡಿ ಅಗಲದ ಹಲಸಿನ ಹಲಗೆ. ಅದರ ಮೇಲೆ ಬಣ್ಣದಲ್ಲಿ ಒಬ್ಬ ಮುದುಕ. ತಲೆಗೆ ಟವೆಲ್ಲು, ಕೈಯಲ್ಲಿ ಸೊಪ್ಪು. ನನಗಿರುವುದಕ್ಕಿಂತ ನಾಲ್ಕು ಹಲ್ಲು ಹೆಚ್ಚಿಗೆ ಬರೆದಿದ್ದರು. ಪಕ್ಕದಲ್ಲಿ ದೊಡ್ಡ ಅಕ್ಷರ: ‘ಸಮಗ್ರ ಆರೋಗ್ಯ ಧಾಮ. ಕಾಡಿನ ಅಜ್ಜನ ಪಾರಂಪರಿಕ ಚಿಕಿತ್ಸೆ.’

ನಾನು ಕಾಡಿನವನಲ್ಲ. ತೋಟದ ಕೂಲಿ ಲೈನಿನ ಏಳನೇ ನಂಬರಿನ ಮನೆಯವನು. ಹೆಸರು ಲಕ್ಕಪ್ಪ. ಐವತ್ತೆರಡು ವರ್ಷ ಸಾಹುಕಾರರ ತೋಟದಲ್ಲಿ ಗುಂಡಿ ತೋಡಿದ್ದೇನೆ, ಗೊಬ್ಬರ ಹೊತ್ತಿದ್ದೇನೆ, ಮರ ಏರಿ ಕೊಂಬೆ ಕಡಿದು ಕಪಾತು ಮಾಡಿದ್ದೇನೆ. ಬೆನ್ನು ಬಾಗಿದ್ದು ಅಲ್ಲಿ. ಬೋರ್ಡಿನಲ್ಲಿ ಮಾತ್ರ ನೆಟ್ಟಗೆ ನಿಂತಿದ್ದೆ.

ಮೂಳೆ ಕಟ್ಟುವುದು ನನಗೆ ಅವ್ವನಿಂದ ಬಂತು. ಉಳುಕಿದ್ದು, ಕೀಲು ತಪ್ಪಿದ್ದು, ಚರ್ಮದೊಳಗೇ ಮುರಿದ ಮೂಳೆ. ಎಳೆದು ಕೂಡಿಸಿ, ಸೊಪ್ಪು ಅರೆದು, ಮೊಟ್ಟೆಯ ಬಿಳಿಯಲ್ಲಿ ಉದ್ದಿನ ಹಿಟ್ಟು ಕಲಸಿ, ಬಿದಿರಿನ ದಬ್ಬೆ ಇಟ್ಟು ಹಳೇ ಸೀರೆಯ ಪಟ್ಟಿಯಲ್ಲಿ ಕಟ್ಟುವುದು. ಅವ್ವ ಹೇಳಿಕೊಟ್ಟ ಕಟ್ಟಳೆ ಮೂರೇ. ಕರೆದರೆ ಹೋಗು, ಕಾಸು ಮುಟ್ಟಬೇಡ. ನೆತ್ತರು ಕಂಡ ಮೂಳೆಗೆ ಸೊಪ್ಪು ಇಡಬೇಡ. ಬೆನ್ನು ಮುರಿದವರನ್ನು ಅಲ್ಲಾಡಿಸಬೇಡ.

“ಎಲ್ಲಾನೂ ಕಟ್ತೀನಿ ಅನ್ನೋನು ವೈದ್ಯ ಅಲ್ಲ ಕಣೋ, ಹಗ್ಗದ ಅಂಗಡಿಯೋನು” ಅನ್ನುತ್ತಿದ್ದಳು.

ಈಗಿನ ಸಾಹುಕಾರರ ತಂದೆ, ದೊಡ್ಡ ಗೌಡರು, ಒಂದು ಸಲ ಜಗುಲಿಯಿಂದ ಜಾರಿ ಮೊಣಕೈ ಮುರಿದುಕೊಂಡರು. ನನ್ನನ್ನು ಕರೆಸಿದರು. ಮುಂಬಾಗಿಲಿಗಲ್ಲ, ಹಿತ್ತಿಲಿಗೆ. ಅವರು ಹೊಸಿಲ ಒಳಗೆ ಮಣೆಯ ಮೇಲೆ ಕೂತು ಕೈಯನ್ನು ಆಚೆ ಚಾಚಿದರು. ನಾನು ಕೆಳಗೆ ಮಣ್ಣಿನಲ್ಲಿ ಕೂತು ಕಟ್ಟಿದೆ. ಮುಗಿದ ಮೇಲೆ ಅವರ ಮನೆಯವರು ಕಟ್ಟಿನ ಮೇಲೆ ಅರಿಸಿನದ ನೀರು ಚಿಮುಕಿಸಿದರು. ನಾನು ಕೂತಿದ್ದ ಜಾಗಕ್ಕೆ ಸಗಣಿ ನೀರು ಹಾಕಿದರು. ನಾವು ಕೇರಿಯವರು. ಅವರ ಮೂಳೆಗೆ ನನ್ನ ಕೈ ಆಗುತ್ತಿತ್ತು, ಚರ್ಮಕ್ಕೆ ಆಗುತ್ತಿರಲಿಲ್ಲ. ನಲವತ್ತು ದಿನಕ್ಕೆ ಆ ಕೈ ಕೂಡಿತು. ಅದೇ ಕೈಯಲ್ಲಿ ನಮ್ಮ ಕಡೆ ಬೆರಳು ತೋರಿಸಿ ಕೆಲಸ ಹೇಳಿದರು, ಸಾಯುವ ತನಕ.

ಆದರೂ ದೊಡ್ಡ ಗೌಡರ ಕಾಲದಲ್ಲಿ ಡಿಸ್ಪೆನ್ಸರಿ ಡಿಸ್ಪೆನ್ಸರಿಯಾಗಿಯೇ ಇತ್ತು. ಅದರಲ್ಲಿ ಡೊರಿನ್ ಬಾಯಿ ಇದ್ದರು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ನರ್ಸು. ಜ್ವರಕ್ಕೆ ಮಾತ್ರೆ, ಗಾಯಕ್ಕೆ ಹೊಲಿಗೆ, ಹೆರಿಗೆಗೆ ಬಿಸಿನೀರು, ಎಲ್ಲಕ್ಕೂ ಬೈಗುಳ. ಮೊದಮೊದಲು ನನ್ನನ್ನೂ ಬೈದರು. “ಏನಿದು ಲಕ್ಕಪ್ಪ, ಕೈಗೆ ಕಟ್ಟಿದ್ದೀಯೋ, ಅಕ್ಕಿ ಮೂಡೆ ಕಟ್ಟಿದ್ದೀಯೋ? ರಕ್ತ ಓಡಬೇಡ್ವಾ?” ಅಂದು, ಕಟ್ಟಿದ ಕೈಯ ಉಗುರು ಒತ್ತಿ ತೋರಿಸಿದರು. ಒತ್ತಿದಾಗ ಉಗುರು ಬಿಳಿಚುತ್ತದೆ. ಬಿಟ್ಟ ತಕ್ಷಣ ಕೆಂಪಾಗಬೇಕು. ಆಗದಿದ್ದರೆ ಕಟ್ಟು ಸಡಿಲಿಸು. ಅವ್ವ ಹೇಳಿಕೊಡದ್ದನ್ನು ಅವರು ಹೇಳಿಕೊಟ್ಟರು. ಆಮೇಲೆ ಉಳುಕು ಬಂದರೆ ಅವರು ನನ್ನ ಹತ್ತಿರ ಕಳಿಸುತ್ತಿದ್ದರು, ಗಾಯ ಬಂದರೆ ನಾನು ಅವರ ಹತ್ತಿರ ಕಳಿಸುತ್ತಿದ್ದೆ. ಎರಡಕ್ಕೂ ಮೀರಿದ್ದನ್ನು ಇಬ್ಬರೂ ಸೇರಿ ಜೀಪಿಗೆ ಹತ್ತಿಸುತ್ತಿದ್ದೆವು. ಇಪ್ಪತ್ತು ವರ್ಷ ಹೀಗೆ ನಡೆಯಿತು. ಯಾರೂ ಬೋರ್ಡು ಹಾಕಲಿಲ್ಲ.

ದೊಡ್ಡ ಗೌಡರು ಹೋದರು. ಮಗ ಲೋಹಿತ್ ಬಂದರು. ಬಂದ ವರ್ಷವೇ ಬಂಗಲೆಯನ್ನು ಹೋಂಸ್ಟೇ ಮಾಡಿದರು. ಎರಡನೇ ವರ್ಷ ಡೊರಿನ್ ಬಾಯಿಗೆ ಹಾರ ಹಾಕಿ ಕಳಿಸಿದರು. ಮಾತ್ರೆಯ ಬೀರು ಹೊರಗೆ ಹೋಯಿತು, ಎಣ್ಣೆ ಸವರುವ ಮಂಚ ಒಳಗೆ ಬಂತು. ನಾವು ಕೇಳಲು ಹೋದೆವು. ಜ್ವರ ಬಂದರೆ ಏನು ಮಾಡುವುದು ಅಂದೆವು.

“ಆ ಕೆಮಿಕಲ್ ಎಲ್ಲ ಯಾಕ್ರೋ ನಿಮಗೆ?” ಅಂದರು. “ನಿಮ್ಮ ಹತ್ರ ಎಂಥಾ ಪರಂಪರೆ ಐತೆ! ಫಾರಿನ್‌ನೋರು ಹುಡುಕ್ಕೊಂಡು ಬರ್ತಾವ್ರೆ. ಲಕ್ಕಜ್ಜ ಇದ್ದಾನಲ್ಲ ಮಾರಾಯ, ಅವನೇ ನಿಮಗೆ ಡಾಕ್ಟ್ರು.”

ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಒಳಗೊಳಗೇ ಹಿಗ್ಗಾಯಿತು. ಸುಳ್ಳು ಹೇಳುವುದಿಲ್ಲ.

ಅದೇ ಬೇಸಿಗೆಯಲ್ಲಿ ಲೋಹಿತ್ ಸಾಹುಕಾರರು ಬೈಕಿನಿಂದ ಬಿದ್ದು ಮಣಿಕಟ್ಟು ಊದಿಸಿಕೊಂಡರು. ನನ್ನನ್ನು ಕರೆಸಿದರು. ಈ ಸಲ ಮುಂಬಾಗಿಲಿಗೆ. ಹುಲ್ಲಿನ ಮೇಲೆ ಚಾಪೆ ಹಾಕಿ ಕೂರಿಸಿದರು, ತಲೆಗೆ ಟವೆಲ್ಲು ಸುತ್ತಿಸಿದರು. ಸೊಪ್ಪು ಕಾಣಲಿ, ಕೈ ಇನ್ನೂ ಮೇಲೆ ಹಿಡಿ ಅಂದರು. ಫೋಟೋದವನು ಒಂದು ಗಂಟೆ ತೆಗೆದ. ನಾನು ಮನಸ್ಸಿಟ್ಟು ಕಟ್ಟಿದೆ. ಫೋಟೋ ಮುಗಿಯಿತು. ಅವರು ಕಟ್ಟು ಬಿಚ್ಚಿ ಮೆಟ್ಟಿಲ ಮೇಲೆ ಎಸೆದರು, ಕಾರು ಹತ್ತಿ ಮಂಗಳೂರಿಗೆ ಹೋದರು. ಮಾರನೇ ದಿನ ನೀಲಿ ಪ್ಲಾಸ್ಟರು ಹಾಕಿಸಿಕೊಂಡು ಬಂದರು. ಆ ಫೋಟೋ ನೋಡಿ ಬರೆದದ್ದೇ ಬೋರ್ಡಿನ ಮೇಲಿನ ಮುದುಕ.

ನಮ್ಮ ಸೊಪ್ಪು ಅವರಿಗೆ ಊಟದ ಮೇಲಿನ ಎಲೆಅಡಿಕೆ. ನಮಗೆ ಅದನ್ನೇ ಊಟ ಮಾಡಿ ಬಡಿಸಿದರು.

ಇನ್ನು ಗುರುವಿನ ಕೈಯ ವಿಷಯ. ಇದನ್ನು ಹೇಳಲು ನನಗೆ ಎರಡು ವರ್ಷ ಬೇಕಾಯಿತು.

ಗುರು ಲೈನಿನ ಒಂಬತ್ತನೇ ನಂಬರಿನವನು. ಕರಿಮೆಣಸು ಕೊಯ್ಯುವುದರಲ್ಲಿ ಅವನ ಸಮ ಇರಲಿಲ್ಲ. ಸಿಲ್ವರ್ ಮರ ಉರುಳಿಸುವಾಗ ದಿಮ್ಮಿ ತಿರುಗಿ ಬಲಗೈಗೆ ಬಡಿಯಿತು. ಮುಂಗೈ ಮೂಳೆ ಚರ್ಮ ಸೀಳಿಕೊಂಡು ಆಚೆ ಬಂದಿತ್ತು. ಕೈತುಂಬ ನೆತ್ತರು. ಬಂಗಲೆಯ ಮುಂದೆ ತಂದು ಮಲಗಿಸಿದರು. ನಾನು ನೋಡಿದವನೇ, “ಇದು ನಂದಲ್ಲ, ಜೀಪು ತೆಗೀರಿ” ಅಂದೆ.

ಜಗುಲಿಯಲ್ಲಿ ಹೋಂಸ್ಟೇಗೆ ಬಂದಿದ್ದವರು ಏಳೆಂಟು ಮಂದಿ ಕಾಫಿ ಕುಡಿಯುತ್ತಿದ್ದರು. ಸಾಹುಕಾರರು ಎದ್ದು ಬಂದರು. ಒಂದು ಕುರ್ಚಿ ತಂದರು, ತಾವೇ ಕೈಯಾರೆ. ಜಗುಲಿಯ ಮೇಲೆ ಇಟ್ಟರು.

“ಲಕ್ಕಜ್ಜನವರೇ, ಮೇಲೆ ಬನ್ನಿ. ಕೂತ್ಕೊಳ್ಳಿ. ಇವರಿಗೆಲ್ಲ ನಿಮ್ಮ ವಿದ್ಯೆ ನೋಡ್ಬೇಕಂತೆ.”

ಆ ಜಗುಲಿಯ ಮೇಲೆ ನಮ್ಮಪ್ಪ ಕಾಲಿಟ್ಟಿರಲಿಲ್ಲ. ನಾನು ಕಟ್ಟಿದ ಕೈಯ ಮೇಲೆ ಅರಿಸಿನದ ನೀರು ಬಿದ್ದ ಮನೆ ಅದು. ಅಲ್ಲಿ ನನಗೆ ಕುರ್ಚಿ. ‘ಅವರೇ’ ಅನ್ನುವ ಮಾತು. ನಾನು ಹತ್ತಿದೆ. ಕೂತೆ. ಕೂತ ಮೇಲೆ ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ನೆತ್ತರು ಒರೆಸಿ, ಸೊಪ್ಪು ಮೆತ್ತಿ, ದಬ್ಬೆ ಇಟ್ಟು ಕಟ್ಟಿಬಿಟ್ಟೆ. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ತೋಟದ ಲೆಕ್ಕ ಬರೆಯುವ ರೈಟರ್ ಸುನಿಲ್‌ಕುಮಾರ್ ಒಂದು ಚೀಟಿ ತಂದ. ನಾನು ಓದಲಿಲ್ಲ, ಹೆಬ್ಬೆಟ್ಟು ಒತ್ತಿದೆ. ಗುರುವಿನ ಎಡಗೈ ಹೆಬ್ಬೆಟ್ಟನ್ನೂ ಹಿಡಿದು ಒತ್ತಿಸಿದರು.

ಎರಡನೇ ದಿನ ಉಗುರು ಒತ್ತಿ ನೋಡಿದೆ. ಕೆಂಪಾಗಲಿಲ್ಲ. ಕಟ್ಟು ಸಡಿಲಿಸಿದೆ. ಕೊಳೆತ ನಾತ. ಮೂರನೇ ದಿನ ಬೆರಳು ಕಪ್ಪಾದವು. ಲೈನಿನವರೇ ಚಂದಾ ಎತ್ತಿ ಆಟೋ ಮಾಡಿ ದೊಡ್ಡಾಸ್ಪತ್ರೆಗೆ ಒಯ್ದರು. ಅಲ್ಲಿಯ ಡಾಕ್ಟರು ಕಟ್ಟನ್ನು ಇಕ್ಕುಳದಲ್ಲಿ ಎತ್ತಿ ಹಿಡಿದರು.

“ನಾಟಿ ಔಷಧಿ ಮಾಡಿಸ್ಕೊಂಡು ಕೊಳೆಸ್ಕೊಂಡು ಆಮೇಲೆ ನಮ್ಮ ಹತ್ರ ಬರ್ತೀರಲ್ಲ, ಬುದ್ಧಿ ಇಲ್ವೇನ್ರೋ ನಿಮಗೆ? ಮೂಢರು.”

ಯಾರು ಕಟ್ಟಿಸಿದರು ಅಂತ ಕೇಳಲಿಲ್ಲ. ಅಲ್ಲಿದ್ದ ಒಬ್ಬರೂ ಕೇಳಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ನಾನೂ ಹೇಳಲಿಲ್ಲ. ಗುರುವಿನ ಕೈಯನ್ನು ಮೊಣಕೈ ಕೆಳಗೆ ತೆಗೆದರು.

ಒಂದು ಕುರ್ಚಿಗೆ ಗುರುವಿನ ಕೈ ಹೋಯಿತು.

ಗುರು ನನಗೆ ಒಂದು ಮಾತೂ ಅನ್ನಲಿಲ್ಲ. ಮೊದಲಿನ ಹಾಗೇ ‘ಅಜ್ಜ’ ಅನ್ನುತ್ತಿದ್ದ. ಬೈದಿದ್ದರೆ ಬದುಕುತ್ತಿದ್ದೆ. ಅವನ ಹೆಂಡತಿ ಸೌಜನ್ಯ ಅವನ ಬದಲು ಏಣಿ ಹತ್ತಲು ಶುರು ಮಾಡಿದಳು. ಮೆಣಸಿನ ಏಣಿ ಹೆಂಗಸರು ಹತ್ತುವುದು ನಮ್ಮಲ್ಲಿ ಇಲ್ಲ. ಒಂಟಿ ಬಿದಿರು, ಗೆಣ್ಣಿನ ಕವಲೇ ಮೆಟ್ಟಿಲು, ಕಾಲ ಹೆಬ್ಬೆರಳಲ್ಲೇ ಹಿಡಿದು ನಿಲ್ಲಬೇಕು. ಸೊಂಟಕ್ಕೆ ಚೀಲ. ಮೂವತ್ತು ಅಡಿ ಮೇಲೆ ಗಾಳಿ ಬೀಸಿದರೆ ಮರ, ಏಣಿ, ಮನುಷ್ಯ ಮೂರೂ ತೂಗುತ್ತವೆ. ಅವಳು ಹತ್ತಿದಳು. ಗುರು ಕೆಳಗೆ ನಿಂತು ಒಂದೇ ಕೈಯಲ್ಲಿ ಏಣಿಯ ಬುಡ ಹಿಡಿಯುತ್ತಿದ್ದ.

ಈ ಮಾಘದಲ್ಲಿ ಅವಳು ಬಿದ್ದಳು. ಏಣಿಯ ಗೆಣ್ಣು ಲಡ್ಡಾಗಿತ್ತು. ಬದಲಿಸಿ ಅಂತ ಲೈನಿನವರು ಮೂರು ಸಲ ಹೇಳಿದ್ದರು.

ಸುನಿಲ್‌ಕುಮಾರ್ ನನ್ನ ಮನೆಯ ಮುಂದೆ ನಿಂತು ಕೂಗಿದ. “ಏಯ್ ಲಕ್ಕಪ್ಪ, ದಬ್ಬೆ ಪಟ್ಟಿ ತಗಂಡು ಬೇಗ ಬಾರೋ. ಸಾವ್ಕಾರ್ರು ಕರೀತಾವ್ರೆ.”

ಕುರ್ಚಿ ಇಲ್ಲದ ದಿನ ನಾನು ‘ಏಯ್’.

ಓಡಿದೆ. ಅವಳು ಡಿಸ್ಪೆನ್ಸರಿಗೆ ಹತ್ತಿರದ ಮರದ ಬುಡದಲ್ಲೇ ಅಂಗಾತ ಬಿದ್ದಿದ್ದಳು. ಮೆಣಸು ಸುತ್ತ ಚೆಲ್ಲಿತ್ತು. ಗುರು ಅವಳ ತಲೆಯ ಹತ್ತಿರ ಮಂಡಿಯೂರಿದ್ದ. ಸಾಹುಕಾರರು ಫೋನು ಹಿಡಿದು ನಿಂತಿದ್ದರು.

“ಬಾ ಲಕ್ಕಜ್ಜ ಬಾ. ಸೊಂಟ ಉಳುಕೈತೆ ಅಷ್ಟೆ. ಎತ್ತಿ ಕೂರಿಸಿ ಒಂದು ಕಟ್ಟು ಹಾಕ್ಬುಡು.”

ನಾನು ಅವಳ ಕಾಲ ಹತ್ತಿರ ಕೂತೆ. ಹೆಬ್ಬೆರಳನ್ನು ಉಗುರಿನಿಂದ ಚಿವುಟಿದೆ. ಬಲವಾಗಿಯೇ ಚಿವುಟಿದೆ.

“ಮಗಾ, ನೋಯ್ತದಾ?”

“ಏನ್ ಮಾಡ್ತಿದ್ದೀಯಜ್ಜ?”

“ಕಾಲು ಚಿವುಟ್ತಾ ಇವ್ನಿ ಕಣವ್ವ.”

“ಯಾವ ಕಾಲು?” ಅಂದಳು.

ಇದು ಸೊಂಟ ಉಳುಕಿದ್ದಲ್ಲ. ಬೆನ್ನು. ಎತ್ತಿ ಕೂರಿಸಿದರೆ ಆ ಕಾಲು ಇನ್ನು ಅವಳದ್ದಲ್ಲ.

“ಯಾರೂ ಮುಟ್ಬೇಡಿ. ಅಲ್ಲಾಡಿಸ್ಬೇಡಿ. ಜೀಪು ತೆಗೀರಿ.”

“ಜೀಪು ಗೆಸ್ಟುಗಳನ್ನ ಕರ್ಕೊಂಡು ಫಾಲ್ಸ್‌ಗೆ ಹೋಗೈತೆ” ಅಂದರು ಸಾಹುಕಾರರು. ಕಾರು ಬಂಗಲೆಯ ಮುಂದೆ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಮಾತು ಅವರು ಎತ್ತಲಿಲ್ಲ. “ಆಸ್ಪತ್ರೆಗೆ ಹೋದ್ರೆ ಪೊಲೀಸು, ಕೇಸು, ಅಂತ ನೂರೆಂಟು ತಲೆನೋವು. ನೀನು ಇರೋವಾಗ ಯಾಕೆ? ಕಟ್ಟು. ಸುನಿಲಾ, ಆ ಚೀಟಿ ತಗೊಂಬಾ.”

ರೈಟರ್ ಚೀಟಿ ಚಾಚಿದ. “ಇಲ್ಲೊಂದು ಒತ್ತು ಲಕ್ಕಪ್ಪ.”

“ಕೊಡಪ್ಪ. ಓದ್ಕತೀನಿ.”

“ನೀನು ಓದ್ತೀಯಾ?” ಅವನು ನಕ್ಕ.

ಮೂರನೇ ಕ್ಲಾಸು ಓದಿದವನು ನಾನು. ಅಕ್ಷರಕ್ಕೆ ಅಕ್ಷರ ಕೂಡಿಸುತ್ತೇನೆ. ಅವರು ನಿಂತರು, ನಾನು ಓದಿದೆ. ‘ಸದರಿ ಕಾರ್ಮಿಕರು ತಮ್ಮ ಸ್ವಇಚ್ಛೆಯಿಂದ ನಾಟಿ ಚಿಕಿತ್ಸೆಯನ್ನು ಬಯಸಿರುತ್ತಾರೆ. ಆಸ್ಪತ್ರೆಗೆ ಹೋಗಲು ನಿರಾಕರಿಸಿರುತ್ತಾರೆ. ಮುಂದಿನ ಪರಿಣಾಮಕ್ಕೆ ತೋಟದ ಮಾಲೀಕರು ಜವಾಬ್ದಾರರಲ್ಲ.’ ಕೆಳಗೆ ‘ನಾಟಿ ವೈದ್ಯರು: ಲಕ್ಕಪ್ಪ’. ನನ್ನ ಹೆಸರು ಟೈಪಾಗಿತ್ತು. ಸೌಜನ್ಯಳ ಹೆಸರು ಮಾತ್ರ ಪೆನ್ನಿನಲ್ಲಿ, ಹಸಿ ಶಾಯಿ.

ಅವಳು ಬಿದ್ದು ಅರ್ಧ ಗಂಟೆ ಆಗಿರಲಿಲ್ಲ. ಅಂದರೆ ಚೀಟಿ ಮೊದಲೇ ಇತ್ತು. ಹೆಸರಿನ ಜಾಗ ಖಾಲಿ ಬಿಟ್ಟು ಕಟ್ಟುಗಟ್ಟಲೆ ಮಾಡಿಸಿಟ್ಟಿದ್ದರು. ಅದರಲ್ಲಿ ನಮ್ಮ ಲೈನಿನ ಎಲ್ಲರಿಗೂ ಜಾಗವಿತ್ತು. ಬೀಳುವುದೊಂದೇ ಬಾಕಿ.

ಅಷ್ಟು ವರ್ಷ ನನ್ನ ವಿದ್ಯೆಗೆ ಮರ್ಯಾದೆ ಕೊಟ್ಟರು ಅಂದುಕೊಂಡಿದ್ದೆ. ಅವರಿಗೆ ಬೇಕಾಗಿದ್ದು ನನ್ನ ಸೊಪ್ಪಲ್ಲ, ಹೆಬ್ಬೆಟ್ಟು.

“ಕಟ್ಟಲ್ಲ” ಅಂದೆ.

“ಏನಂದೆ?”

“ಕಟ್ಟಲ್ಲ. ಒತ್ತಲ್ಲ.”

ಸಾಹುಕಾರರ ಮುಖ ಕೆಂಪಾಯಿತು. “ನಿನ್ನ ಪರಂಪರೆಗೆ ನೀನೇ ಅವಮಾನ ಮಾಡ್ತಿದ್ದೀಯ ಲಕ್ಕಜ್ಜ.”

“ನಿಮ್ಮ ಮಣಿಕಟ್ಟು ಊದಿದಾಗ ಪರಂಪರೆ ಕಾರು ಹತ್ತಿ ಮಂಗಳೂರಿಗೆ ಹೋಯ್ತಲ್ಲ ಸ್ವಾಮಿ. ಇವಳ ಬೆನ್ನು ಮುರಿದಾಗ ಮಾತ್ರ ಲೈನಲ್ಲೇ ಇರ್ಬೇಕಾ?”

ಹಿಂದೆ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ನಗು ಅಲ್ಲ ಅದು. ಬಹಳ ದಿನದಿಂದ ಗಂಟಲಲ್ಲಿದ್ದದ್ದು.

“ನೀನಿರೋ ಮನೆ ಯಾರದು ಅಂತ ನೆನಪಿರ್ಲಿ” ಅಂದರು ಸಾಹುಕಾರರು.

“ನೆನಪೈತೆ. ಏಳನೇ ನಂಬರು. ಮಳೆ ಬಂದ್ರೆ ಸೋರ್ತದೆ.”

ಆಮೇಲೆ ನಾನು ಅವರ ಕಡೆ ನೋಡಲಿಲ್ಲ. ಬೆನ್ನು ಮುರಿದವರನ್ನು ಹಲಗೆಯ ಮೇಲೆ ಹೊರಬೇಕು. ಡೊರಿನ್ ಬಾಯಿ ಒಂದು ಸಲ ಮರದಿಂದ ಬಿದ್ದವನನ್ನು ಹಾಗೆ ಹೊರಿಸಿದ್ದರು. ನಾಲ್ಕು ಜನ ಒಟ್ಟಿಗೆ, ದಿಮ್ಮಿ ಉರುಳಿಸಿದ ಹಾಗೆ, ಕುತ್ತಿಗೆ ತಿರುಗದ ಹಾಗೆ.

“ಹಲಗೆ ಬೇಕು. ಉದ್ದಂದು.”

ಲೈನಿನ ಬಾಗಿಲು ತಗಡಿನವು. ಸ್ಟೋರಿಗೆ ಬೀಗ. ಎಲ್ಲರೂ ಅತ್ತಿತ್ತ ನೋಡಿದರು. ಗುರು ಮೇಲೆ ನೋಡಿದ. ಅವನ ಕಣ್ಣು ಹೋದ ಕಡೆ ನಾನೂ ನೋಡಿದೆ. ಡಿಸ್ಪೆನ್ಸರಿಯ ಬಾಗಿಲ ಮೇಲೆ ಟವೆಲ್ಲು ಸುತ್ತಿಕೊಂಡು ನಾನೇ ನಗುತ್ತಿದ್ದೆ.

“ಅಜ್ಜಾ, ಇದು ತಡೀತದೆ. ಹಲಸು” ಅಂದ ಗುರು.

ಅವನು ಎಣ್ಣೆ ಮಂಚವನ್ನು ಹೊರಗೆ ಎಳೆದು ಅದರ ಮೇಲೆ ಹತ್ತಿದ. ಒಂದೇ ಕೈಯಲ್ಲಿ ಕೊಕ್ಕೆ ಬಿಡಿಸಿದ. ಇನ್ನೊಂದು ತುದಿಯನ್ನು ಹೆಗಲು ಕೊಟ್ಟು ಎತ್ತಿದ. ಬೋರ್ಡು ಧಡಕ್ಕನೆ ಕೆಳಗೆ ಬಂತು. “ಅದಕ್ಕೆ ಎಷ್ಟಾಗೈತೆ ಗೊತ್ತೇನ್ರೋ!” ಅಂತ ಸುನಿಲ್‌ಕುಮಾರ್ ಕೂಗಿದ. ಯಾರೂ ತಿರುಗಲಿಲ್ಲ.

ಬೋರ್ಡನ್ನು ಅವಳ ಪಕ್ಕಕ್ಕೆ ತಂದೆವು. ನಾನು ಕುತ್ತಿಗೆ ಹಿಡಿದೆ. ಮೂವರು ಹೆಗಲು, ಸೊಂಟ, ಕಾಲು ಹಿಡಿದರು. ನಾನು ಹ್ಞೂಂ ಅಂದಾಗ ಒಟ್ಟಿಗೆ ಹೊರಳಿಸಿದೆವು. ನನ್ನ ಬಣ್ಣದ ಮುಖದ ಮೇಲೆ ಸೌಜನ್ಯಳ ಬೆನ್ನು ಬಂತು. ತಂದಿದ್ದ ಸೀರೆಯ ಪಟ್ಟಿಗಳಲ್ಲಿ ಹಣೆ, ಎದೆ, ಸೊಂಟ, ಮಂಡಿ ಬಿಗಿದೆ. ಸೊಪ್ಪು ಇಲ್ಲ, ದಬ್ಬೆ ಇಲ್ಲ. ನಾನು ಜೀವಮಾನದಲ್ಲಿ ಕಟ್ಟಿದ ಕಟ್ಟುಗಳಲ್ಲಿ ಅದೇ ನೆಟ್ಟಗಿದ್ದದ್ದು.

ಆರು ಜನ ಹೊತ್ತರು. ಗುರು ಎಡಗೈಯಲ್ಲಿ ಒಂದು ಮೂಲೆ ಹಿಡಿದ. ಬೇಡ ಕಣೋ ಅಂದರೂ ಬಿಡಲಿಲ್ಲ. ಒಂದೂವರೆ ಮೈಲಿ ಇಳಿಜಾರು. ಹಲಸಿನ ಹಲಗೆಯ ಭಾರ, ಮೇಲೆ ಅವಳ ಭಾರ. ಹೆಜ್ಜೆ ತಪ್ಪಿದರೆ ಅವಳು ಹೋದಳು. ಹೆಗಲ ಚರ್ಮ ಕಿತ್ತು ಬಂತು. ನಾನು ಮುಂದೆ ನಡೆಯುತ್ತಾ ಕಲ್ಲು ಸರಿಸಿದೆ. ಫೋನಿಗೆ ಸಿಗ್ನಲ್ ಸಿಕ್ಕುವ ತಿರುವಿನಲ್ಲಿ ಒಬ್ಬಳು ೧೦೮ಕ್ಕೆ ಹೇಳಿದಳು. ಅದು ಹೆದ್ದಾರಿಗೆ ಬಂತು. ಬೋರ್ಡಿನ ಸಮೇತ ಒಳಗೆ ತೂರಿಸಿದೆವು.

ದೊಡ್ಡಾಸ್ಪತ್ರೆ. ಅದೇ ಬಾಗಿಲು. ಡಾಕ್ಟರು ಬೇರೆ, ಮಾತು ಅದೇ.

“ಮೊದಲು ಯಾವ ನಾಟಿ ವೈದ್ಯನ ಹತ್ರ ಹೋಗಿದ್ರಿ? ಸೊಪ್ಪು ಗಿಪ್ಪು ಏನಾದ್ರೂ ಮೆತ್ತಿದ್ರಾ?” ಬಗ್ಗಿ ಬೋರ್ಡು ಓದಿದರು. “ಓಹೋ! ಜಾಹೀರಾತು ಸಮೇತ ಬಂದಿದ್ದೀರಲ್ಲಪ್ಪ. ಎಲ್ಲಿ ಈ ಕಾಡಿನ ಅಜ್ಜ?”

ಎರಡು ವರ್ಷದ ಹಿಂದೆ ನಾನು ನಿಂತಿದ್ದ ಬಾಗಿಲು ಅಲ್ಲೇ ಇತ್ತು. ಅದರ ಹಿಂದೆ ಜಾಗವೂ ಇತ್ತು. ನಾನು ಮುಂದೆ ಬಂದೆ.

“ನಾನೇ ಸ್ವಾಮಿ.”

ಡಾಕ್ಟರು ನನ್ನ ಮುಖ ನೋಡಿದರು, ಬೋರ್ಡಿನಲ್ಲಿ ಅಂಚಿಗೆ ಕಾಣುತ್ತಿದ್ದ ಟವೆಲ್ಲು ನೋಡಿದರು.

“ಏನು ಔಷಧಿ ಹಾಕಿದೆ?”

“ಏನೂ ಇಲ್ಲ. ಇದು ನಂದಲ್ಲ, ನಿಮ್ಮದು ಅಂತ ಹೊತ್ಕಂಡು ಬಂದಿವ್ನಿ.”

ಅವರು ಪಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಕಾಲಿನ ಉಗುರು ಒತ್ತಿ ಬಿಟ್ಟರು. ದನಿ ಸ್ವಲ್ಪ ಇಳಿಯಿತು. “ಹೀಗೆ ಅಲ್ಲಾಡದ ಹಾಗೆ ತರೋದು ಯಾರು ಹೇಳಿಕೊಟ್ಟಿದ್ದು?”

“ಅಲ್ಲಾಡಿಸ್ಬೇಡ ಅಂದಿದ್ದು ನಮ್ಮವ್ವ. ಹೊರೋದು ತೋರಿಸಿದ್ದು ಡೊರಿನ್ ಬಾಯಿ.”

ಸೌಜನ್ಯಳ ಎಡಗಾಲಿನ ಹೆಬ್ಬೆರಳು ಹನ್ನೊಂದನೇ ದಿನ ಅಲ್ಲಾಡಿತು. ಬಲಗಾಲಿನದು ಇನ್ನೂ ಇಲ್ಲ. ಏಳನೇ ನಂಬರಿನ ಮನೆಗೆ ಈಗ ಸಾಹುಕಾರರ ಬೀಗ ಇದೆ. ಅದೆಲ್ಲ ಆಮೇಲಿನದು. ಅವತ್ತು ಅವಳನ್ನು ಒಳಗೆ ತಳ್ಳಿಕೊಂಡು ಹೋದ ಮೇಲೆ ಡಾಕ್ಟರು ದೊಡ್ಡ ಪುಸ್ತಕ ತೆರೆದರು. ಹೇಗಾಯಿತು ಅಂದರು. ನಾನು ನಿಂತುಕೊಂಡೇ ಹೇಳಿದೆ. ಯಾರ ತೋಟ, ಯಾವ ಮರ, ಎಂಥಾ ಏಣಿ, ಎಷ್ಟು ಸಲ ಹೇಳಿದ್ದರು, ಚೀಟಿಯಲ್ಲಿ ಏನಿತ್ತು, ಯಾರು ಕಟ್ಟು ಅಂದರು. ಅವರು ಬರೆದರು. ಪೆನ್ನು ಮುಚ್ಚಲು ಹೋದರು.

“ಇನ್ನೊಂದೈತೆ” ಅಂದೆ. ಗುರುವನ್ನು ತೋಳು ಹಿಡಿದು ಮುಂದಕ್ಕೆ ತಂದೆ. “ಇವನ ಕೈಯದೂ ಬರ್ಕಳಿ. ಇದೇ ಆಸ್ಪತ್ರೇಲಿ ಕತ್ತರಿಸಿದ್ದು.”

“ಯಾವಾಗ?”

“ಎರಡು ವರ್ಷ ಆಯ್ತು.”

“ಅಷ್ಟು ಹಳೇದನ್ನ ಈಗ ಹೇಳ್ತೀರಲ್ಲ ಅಜ್ಜ?”

“ಆಗ ಇಲ್ಲಿದ್ದ ಡಾಕ್ಟ್ರು ಬೈದ್ರು ಸ್ವಾಮಿ, ಕೇಳ್ಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ, ಹೇಳ್ಲಿಲ್ಲ.”

ಗುರು ನನ್ನ ಮುಖವನ್ನೇ ನೋಡುತ್ತಿದ್ದ. ಎರಡು ವರ್ಷದಲ್ಲಿ ಮೊದಲ ಸಲ ನಾನೂ ಅವನ ಮುಖ ನೋಡಿದೆ.

“ನೆತ್ತರು ಕಂಡ ಮೂಳೆ ಅದು. ಮುಟ್ಟಬಾರದು ಅಂತ ಗೊತ್ತಿತ್ತು. ಕಟ್ಟಿದೋನು ನಾನು. ಕಟ್ಟಿಸಿದೋರು ಸಾವ್ಕಾರ್ರು. ಎರಡು ಹೆಸರೂ ಬರ್ಕಳಿ. ನಂದು ಮೊದ್ಲು ಬರೀರಿ.”